ಶಾಸ್ತ್ರಿಗಳಿಗೆ ಶಾಸ್ತಿ ಮಾಡಿದ ಕರ್ಸರ್

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮೂರ ಓದುಗರ ಬಳಗದ ಪರವಾಗಿ ಅರವತ್ತು ಚಿಲ್ಲರೆ ಜನಕ್ಕೆ ಒಂದು ಆಮಂತ್ರಣ ಇಮೇಲ್ ಮಾಡಿದೆ. ಸಂಸ್ಕೃತ ಕಲಿಸಿ ನಿವೃತ್ತರಾದ ಹಿರಿಯರೊಬ್ಬರಿಗೆ ಸನ್ಮಾನ. ಊರಿಗೆಲ್ಲ ಅವರು 'ಶಾಸ್ತ್ರಿಗಳು'. ಅರ್ಧ ಗಂಟೆಯೊಳಗೆ ಮೈಸೂರಿನಿಂದ ಅವರ ಮಗಳೇ ಫೋನ್ ಮಾಡಿದರು. 'ಅಪ್ಪನಿಗೆ ಮಾಡೋದು ಸನ್ಮಾನವೋ, ಬೇರೇನಾದರೂ ಇದೆಯೋ?' ಅಂತ ನಗು. ತೆರೆದು ನೋಡಿದರೆ ದಪ್ಪಕ್ಷರದಲ್ಲಿ 'ಶಾಸ್ತಿಗಳಿಗೆ ಸನ್ಮಾನ' ಎಂದಿದೆ!

ನಾನು ವೃತ್ತಿಯಿಂದ ಬೆರಳಚ್ಚುಗಾರ. 1983ರಲ್ಲಿ ಕನ್ನಡ ಸೀನಿಯರ್ ಪಾಸಾದವನು, ಮೂವತ್ತೊಂದು ವರ್ಷ ಕಚೇರಿಯಲ್ಲಿ ಕೀಲಿ ಕುಟ್ಟಿದವನು. ಒತ್ತಕ್ಷರ ತಪ್ಪಿದ್ದಕ್ಕೆ ಸಾಹೇಬರಿಂದ ಬೈಸಿಕೊಂಡದ್ದು ನೆನಪಿಲ್ಲ. ಹಾಗಾಗಿ ಈ ಅವಮಾನ ಸ್ವಲ್ಪ ಜಾಸ್ತಿಯೇ ತಾಗಿತು. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಅದು ಹೇಗಾಯಿತು ಎಂಬುದನ್ನು ಹೇಳಲೇಬೇಕು, ಏಕೆಂದರೆ ನಿಮ್ಮ ಓದುಗರಲ್ಲಿ ಅನೇಕರು ದಿನವೂ ಇದೇ ಹಳ್ಳಕ್ಕೆ ಬೀಳುತ್ತಿರಬಹುದು.

ಟೈಪ್‌ರೈಟರಿನಲ್ಲಿ ಕೆಲವು ಕೀಲಿ ಒತ್ತಿದರೆ ಗಾಡಿ ಮುಂದೆ ಸರಿಯುತ್ತಿರಲಿಲ್ಲ. ಅವಕ್ಕೆ ಸತ್ತ ಕೀಲಿ ಎನ್ನುತ್ತಿದ್ದೆವು. ಆಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶ ಬಂತು, ಕೆ.ಪಿ. ರಾಯರ ಕೀಲಿಮಣೆ ಬಂತು. ಹಳೆಯ ನುಡಿಯಲ್ಲಿ ಅಕ್ಷರವನ್ನು ಕಣ್ಣಿಗೆ ಕಾಣುವ ತುಂಡುಗಳಾಗಿ ಜೋಡಿಸಿಡುತ್ತಿದ್ದರು. 'ಸ್ತ್ರೀ' ಎಂದರೆ ಒಂದು 'ಸಿ', ಅದರಡಿ ತಕಾರದ ಒತ್ತು, ರಕಾರದ ಒತ್ತು, ಕೊನೆಗೆ ದೀರ್ಘ. ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ದೀರ್ಘ ಮಾತ್ರ ಉದುರಿ 'ಸ್ತ್ರಿ' ಉಳಿಯುತ್ತಿತ್ತು. ನನ್ನ ಬೆರಳು ಕಲಿತದ್ದು ಅದನ್ನೇ.

ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಈಗಿನ ಯೂನಿಕೋಡಿನಲ್ಲಿ ಲೆಕ್ಕ ಬೇರೆ. ಅಲ್ಲಿ 'ಸ್ತ್ರೀ' ಎಂದರೆ ಆರು ಸಂಕೇತಗಳ ಸಾಲು: ಸ, ಹಲಂತ (ವ್ಯಂಜನದ ಅಕಾರ ತೆಗೆಯುವ ಗುರುತು), ತ, ಹಲಂತ, ರ, ಈಕಾರ. ಬ್ಯಾಕ್‌ಸ್ಪೇಸ್ ಒತ್ತಿದಾಗ ದೀರ್ಘವಷ್ಟೇ ಅಲ್ಲ, ಈಕಾರವೇ ಹೋಗಿ 'ಸ್ತ್ರ' ಉಳಿಯುತ್ತದೆ. ಅವತ್ತು 'ಶಾಸ್ತ್ರೀ' ಎಂದು ದೀರ್ಘ ಬಿದ್ದಿತ್ತು, ಹ್ರಸ್ವ ಮಾಡಬೇಕಿತ್ತು. ಒಂದು ಸಲ ಒತ್ತಿದೆ, ಇಕಾರವೇ ಮಾಯ. ಇಡೀ ಅಕ್ಷರ ಹೋಗಲಿ, ಹೊಸದಾಗಿ ಹೊಡೆಯೋಣ ಎಂದು ಇನ್ನೆರಡು ಸಲ ಒತ್ತಿದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಕೈತೊಳೆದು ಬಂದು ನೋಡಿದರೆ ಅಕ್ಷರ ಇನ್ನೂ ಒತ್ತು ಹೊತ್ತು ನಿಂತಿತ್ತು. ಸರಿಯಾಗಿದೆ ಅಂದುಕೊಂಡು ಇಕಾರ ಸೇರಿಸಿ ಕಳಿಸಿಬಿಟ್ಟೆ. ಉಳಿದಿದ್ದದ್ದು ತಕಾರದ ಒತ್ತು ಮಾತ್ರ.

ಇಷ್ಟೇ ಆಗಿದ್ದರೆ ಹೊಸ ಪಾಠ ಎಂದು ಕಲಿತುಬಿಡುತ್ತಿದ್ದೆ. ಕಲಿಯಲು ಬಿಡದಿರುವುದು ಬಾಣದ ಕೀಲಿ. ಪತ್ರ ಬರೆಯುವ ನನ್ನ ಇನ್ನೊಂದು ತಂತ್ರಾಂಶದಲ್ಲಿ ಬಾಣ ಒಮ್ಮೆ ಒತ್ತಿದರೆ ಕರ್ಸರ್ 'ಸ್ತ್ರೀ'ಯನ್ನು ಒಂದೇ ನೆಗೆತಕ್ಕೆ ದಾಟುತ್ತದೆ. ಇಮೇಲ್ ತಂತ್ರಾಂಶದಲ್ಲಿ ದಾಟಲು ಮೂರು ಸಲ ಒತ್ತಬೇಕು. ನಡುವೆ ಎರಡು ಕಡೆ ಕರ್ಸರ್ ಅಕ್ಷರದ ಹೊಟ್ಟೆಯೊಳಗೇ ಕಡ್ಡಿಯಂತೆ ನಿಲ್ಲುತ್ತದೆ. ಅಕ್ಷರದ ಎಡಕ್ಕೆ ನಿಂತು ಡಿಲೀಟ್ ಒತ್ತಿದರೆ 'ಸ್' ಹಾರಿ 'ತ್ರೀ' ಉಳಿಯುತ್ತದೆ. ಹೊಡೆಯಲು ಆರು, ದಾಟಲು ಮೂರು, ಬ್ಯಾಕ್‌ಸ್ಪೇಸಿನಿಂದ ಅಳಿಸಲು ಆರು, ಡಿಲೀಟಿನಿಂದ ಅಳಿಸಲು ಮೂರು. ನಮ್ಮ ತಾಲ್ಲೂಕು ಕಚೇರಿಯ ಅಳತೆ ಪುಸ್ತಕವೂ ಇಷ್ಟು ಗೋಜಲಾಗಿರಲಿಲ್ಲ.

ಎಲ್ಲಕ್ಕಿಂತ ಸೋಜಿಗ ಅರ್ಕಾವತ್ತಿನದು. 'ಸೂರ್ಯ' ಎಂದು ಬರೆದರೆ ಅರ್ಕಾವತ್ತು ಯಕಾರದ ಬಲಗಡೆ ಕೂರುತ್ತದೆ. ನಾವು ಉಚ್ಚರಿಸುವುದು, ಕೀಲಿ ಒತ್ತುವುದು, ಕಂಪ್ಯೂಟರ್ ಇಟ್ಟುಕೊಳ್ಳುವುದು ಎಲ್ಲವೂ ರಕಾರ ಮೊದಲು. ಹೀಗಾಗಿ ಕರ್ಸರನ್ನು 'ರ್ಯ' ನಡುವೆ ನಿಲ್ಲಿಸಿದರೆ ಎಡಕ್ಕೆ ಯಕಾರ ಕಾಣುತ್ತದೆ, ಬಲಕ್ಕೆ ಅರ್ಕಾವತ್ತು. ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ಎಡಕ್ಕಿರುವ ಯಕಾರಕ್ಕೆ ಏನೂ ಆಗುವುದಿಲ್ಲ, ಬಲಕ್ಕಿದ್ದ ಅರ್ಕಾವತ್ತು ಬಿಚ್ಚಿಕೊಂಡು 'ಸೂರಯ' ಆಗುತ್ತದೆ. ಕನ್ನಡಿಯಲ್ಲಿ ನೋಡಿಕೊಂಡು ಕ್ಷೌರ ಮಾಡಿದ ಹಾಗೆ. ನಲವತ್ತು ವರ್ಷ ಕೀಲಿ ಒತ್ತಿದ ನಾನು ಮೊದಲ ಸಲ ಇದನ್ನು ಕಂಡಾಗ ಕಂಪ್ಯೂಟರಿಗೆ ವೈರಸ್ ಬಂತೆಂದು ಪ್ಲಗ್ಗನ್ನೇ ಕಿತ್ತಿದ್ದೆ. 'ರಾಜ್‌ಕುಮಾರ್' ಇನ್ನೊಂದು ಬಗೆ. ಅಲ್ಲಿ ಜಕಾರದ ನಂತರ ಕಣ್ಣಿಗೆ ಕಾಣದ ಒಂದು ಗುರುತಿದೆ. ಅದು ಅಳಿದುಹೋದರೆ 'ಕು' ಜಕಾರದ ಕಾಲಡಿ ಸೇರಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗ ಹಬ್ಬಕ್ಕೆ ಬಂದಾಗ ಕೇಳಿದೆ. ಅವನು ಹೇಳಿದ ಸಂಗತಿ ನನಗೆ ನಿದ್ದೆ ಕೆಡಿಸಿತು. ಕರ್ಸರ್ ಎಲ್ಲಿ ನಿಲ್ಲಬಹುದು ಎಂಬುದಕ್ಕೆ ಯೂನಿಕೋಡಿನವರದೇ ಒಂದು ನಿಯಮಾವಳಿ ಇದೆಯಂತೆ. 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ, ಸಂಯುಕ್ತಾಕ್ಷರವನ್ನು ನಡುವೆ ಒಡೆಯಬಾರದು ಎಂಬ ನಿಯಮ ಸೇರಿಸಿದರು. ಅದು ಅನ್ವಯಿಸಿದ್ದು ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿಲ್ಲ. ನಮ್ಮಂತೆಯೇ ಅಡಿಯಲ್ಲಿ ಒತ್ತು ಬರೆಯುವ ತೆಲುಗು ಇದೆ, ಕನ್ನಡ ಇಲ್ಲ! ತಂತ್ರಾಂಶದವರು ಆ ನಿಯಮವನ್ನು ಪಾಲಿಸಲೇಬೇಕೆಂದೇನೂ ಇಲ್ಲ, ಕೆಲವರು ತಾವೇ ಸರಿಮಾಡಿಕೊಂಡಿದ್ದಾರೆ, ಅದಕ್ಕೇ ಒಂದೊಂದು ಕಡೆ ಒಂದೊಂದು ರೀತಿ ಎಂದ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಮನೆಯೊಳಗೆ ಮೊದಲು ಕಾಲಿಟ್ಟವರಿಗೆ ಎಲೆ ಹಾಕುವುದು ಮರೆತರೆ ಕೇಳಬೇಕಾದವರು ಯಾರು?

ಬ್ಯಾಕ್‌ಸ್ಪೇಸ್ ಒಂದೊಂದೇ ಸಂಕೇತ ಅಳಿಸುವುದಕ್ಕೆ ನನ್ನ ತಕರಾರಿಲ್ಲ. ಕೊನೆಯ ಕೀಲಿ ತಪ್ಪಿದ್ದಕ್ಕೆ ಆರೂ ಕೀಲಿ ಮತ್ತೆ ಒತ್ತಿಸುವುದು ಬೆರಳಚ್ಚುಗಾರನಿಗೆ ದ್ರೋಹ. ಆದರೆ ಬಾಣವೂ ಡಿಲೀಟೂ ಅಕ್ಷರದ ಲೆಕ್ಕದಲ್ಲಿ ಹೋಗಬೇಕು. ಒಂದನೇ ತರಗತಿಯ ಮಗುವನ್ನು ಕೇಳಿ, 'ಸ್ತ್ರೀ' ಎಷ್ಟು ಅಕ್ಷರ ಎಂದರೆ ಒಂದು ಎನ್ನುತ್ತದೆ. ಕನ್ನಡ ತಂತ್ರಾಂಶದ ಕೆಲಸ ನೋಡಿಕೊಳ್ಳುವ ಸಮಿತಿಗಳು ಇದನ್ನು ಬರವಣಿಗೆಯಲ್ಲಿ ಕೇಳಲಿ. ಹಾಗೆಯೇ ಸರ್ಕಾರಿ ನೌಕರರ ಕಂಪ್ಯೂಟರ್ ತರಬೇತಿಯಲ್ಲಿ ಕೀಲಿಮಣೆಯ ಜೊತೆಗೆ ಕರ್ಸರಿಗೂ ಒಂದು ತಾಸು ಕೊಡಲಿ. ಅಲ್ಲಿಯವರೆಗೆ ನಾನು ಕಂಡುಕೊಂಡ ದಾರಿ ಹೇಳುತ್ತೇನೆ: ಇಮೇಲಿನಲ್ಲಿ ಪದದ ನಡುವೆ ರಿಪೇರಿಗೆ ಇಳಿಯುವುದೇ ಇಲ್ಲ. ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಪದ ಹೋಗುತ್ತದೆ, ಮತ್ತೆ ಹೊಡೆಯುತ್ತೇನೆ. ಸಮಯ ಹಿಡಿಯುತ್ತದೆ, ನಿವೃತ್ತನಿಗೆ ಅದೊಂದಕ್ಕೆ ಬರವಿಲ್ಲ.

ಶಾಸ್ತ್ರಿಗಳು ದೊಡ್ಡವರು, ಬಂದರು. ಶಾಲು ಹೊದಿಸುವಾಗ ನನ್ನ ಕಿವಿಯಲ್ಲಿ, 'ಬಿಸಿಲಿಗೆ ಶಾಲು ಹೊದಿಸ್ತೀಯಲ್ಲ, ನೀನು ಬರೆದಿದ್ದು ಸರಿಯಾಗಿಯೇ ಇತ್ತು' ಎಂದರು.

ಇದನ್ನೂ ಅದೇ ಇಮೇಲಿನಲ್ಲಿ ಬರೆದಿದ್ದೇನೆ. ಅಚ್ಚಿಗೆ ಕಳಿಸುವ ಮುಂಚೆ ಒಮ್ಮೆ ಕಣ್ಣಾಡಿಸಿ. ಒಂದು ವಿನಂತಿ, ಮೇಲೆ ಎರಡು ಕಡೆ ಇರುವ 'ಶಾಸ್ತಿ'ಯನ್ನು ದಯವಿಟ್ಟು ತಿದ್ದಬೇಡಿ.

ಇಂತಿ,
ನಿವೃತ್ತ ಬೆರಳಚ್ಚುಗಾರ, ಸಾಗರ