ಅಂಕಪಟ್ಟಿಯ ಮೇಲೆ ಯಾವ ಮಂಡಳಿಯ ಹೆಸರು?

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ಪತ್ರಿಕೆಗಳಲ್ಲೂ ಮೊಬೈಲಿನಲ್ಲೂ ಆನ್‌ಲೈನ್ ಹೈಸ್ಕೂಲುಗಳ ಜಾಹೀರಾತು ಶುರುವಾಗುತ್ತದೆ. 'ಮನೆಯಲ್ಲೇ ಹತ್ತನೇ ತರಗತಿ', 'ಹಾಜರಾತಿ ಬೇಡ', 'ದೇಶ ವಿದೇಶಗಳಲ್ಲಿ ಮಾನ್ಯ'. ನಿಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ. ನಗುವ ಮಗು, ಲ್ಯಾಪ್‌ಟಾಪು, ಫೋನ್ ನಂಬರು ಎಲ್ಲ ಇರುತ್ತವೆ. ಆ ಮಗು ಕೊನೆಗೆ ಯಾವ ಮಂಡಳಿಯ ಪರೀಕ್ಷೆ ಬರೆಯುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಅದೊಂದು ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕದ ಜಾಹೀರಾತನ್ನು ಪತ್ರಿಕೆಗಳು ತೆಗೆದುಕೊಳ್ಳಬಾರದು ಎಂದು ಕೇಳುವುದಕ್ಕೆ ಈ ಪತ್ರ.

ನಾನು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಬಟವಾಡೆ ಲೆಕ್ಕ ನೋಡುವುದು ನನ್ನ ಕೆಲಸ. ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದಳು. ಅವಳಿಗೆ ಉಬ್ಬಸ. ಮುಂಗಾರು ಹಿಡಿದರೆ ಗೋಡೆಗೆಲ್ಲ ಬೂಷ್ಟು, ಅವಳಿಗೆ ರಾತ್ರಿಯೆಲ್ಲ ಇನ್‌ಹೇಲರ್. ಹೈಸ್ಕೂಲು ದೂರ. ಬಸ್ಸು ಇಳಿದ ಮೇಲೆ ನಡೆಯುವ ದಾರಿಯಲ್ಲಿ ಕಾಡಾನೆ ಕಾಟ ಬೇರೆ. ಆನೆ ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯವರ ಮೆಸೇಜು ಬರುವುದರೊಳಗೆ ಅದು ಮುಂದಿನ ತೋಟಕ್ಕೆ ದಾಟಿರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಡಿಸಿಯವರು ಕೊಡುವ ಮಳೆ ರಜೆ ಎಲ್ಲ ಮಕ್ಕಳಿಗೂ ರಜೆ. ನನ್ನ ಮಗಳು ಮಲಗಿದ ದಿನ ಅವಳೊಬ್ಬಳ ಗೈರು. ನನ್ನ ಹೆಂಡತಿ ಡಿ.ಎಡ್. ಮಾಡಿದವಳು. ಎಂಟನೇ ತರಗತಿಯನ್ನು ಮನೆಯಲ್ಲೇ ಓದಿಸುವುದೆಂದು ತೀರ್ಮಾನವಾಯಿತು. ಶಿಕ್ಷಣ ಇಲಾಖೆಯ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೇಡಂ ಮನೆಗೆ ಬಂದು 'ಶಾಲೆ ಬಿಟ್ಟ ಮಗು' ಎಂದು ಪಟ್ಟಿಗೆ ಸೇರಿಸಬೇಕಾಗುತ್ತದೆ ಎಂದರು, ಪಾಪ ಅವರ ಕೆಲಸ ಅದು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಮಾತಾಡುತ್ತದೆ. ಮನೆಯಲ್ಲಿ ಓದುವ ಮಗುವನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಈಗ ಮಗಳಿಗೆ 14 ತುಂಬಿದೆ. ಹತ್ತನೇ ತರಗತಿಗೆ ಒಂದು ಆನ್‌ಲೈನ್ ಶಾಲೆ ಹುಡುಕಲು ಕೂತಾಗ ಗೊತ್ತಾದ ಸಂಗತಿಗಳನ್ನು ನನ್ನಂಥ ಅಪ್ಪ ಅಮ್ಮಂದಿರಿಗಾಗಿ ಬರೆಯುತ್ತಿದ್ದೇನೆ.

ಫೋನಿನಲ್ಲಿ ಮಾತಾಡುವವರು ಎಲ್ಲರೂ 'ಕೌನ್ಸೆಲರ್'ಗಳೇ. ಮಾತು ಸಕ್ಕರೆ. ಮೊದಲು ಬರುವುದು 'ನಮ್ಮದು ಸಿಬಿಎಸ್‌ಇ ಪಠ್ಯಕ್ರಮ ಸಾರ್' ಎಂಬ ಮಾತು. ಪಠ್ಯಕ್ರಮ ಬೇರೆ, ಮಾನ್ಯತೆ ಬೇರೆ. ಎನ್‌ಸಿಇಆರ್‌ಟಿ ಪುಸ್ತಕ ಇಟ್ಟುಕೊಂಡು ಯಾರು ಬೇಕಾದರೂ ಪಾಠ ಮಾಡಬಹುದು, ಆ ಪುಸ್ತಕಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಸಿಬಿಎಸ್‌ಇ ಮಾನ್ಯತೆ ಕೊಡುವುದು ಜಾಗ, ಕಟ್ಟಡ, ಪ್ರಯೋಗಾಲಯ ಇರುವ ಶಾಲೆಗೆ. 'ಹಾಗಾದರೆ ಪರೀಕ್ಷೆ?' ಎಂದು ಕೇಳಿದರೆ ಒಬ್ಬರು, 'ಯಾವುದಾದರೂ ಶಾಲೆಯಲ್ಲಿ ಹೆಸರು ಹಚ್ಚಿಸುತ್ತೇವೆ, ಮಗು ಹೋಗುವುದೇ ಬೇಡ' ಎಂದರು. ಇದಕ್ಕೆ ಡಮ್ಮಿ ಶಾಲೆ ಎನ್ನುತ್ತಾರೆ. 2024ರ ನವೆಂಬರಿನಲ್ಲಿ ಸಿಬಿಎಸ್‌ಇ ಇದೇ ಕಾರಣಕ್ಕೆ ದಿಲ್ಲಿ ಮತ್ತು ರಾಜಸ್ಥಾನದ 21 ಶಾಲೆಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಚೆಕ್‌ರೋಲಿನಲ್ಲಿ ಹೆಸರಿದ್ದು ತೋಟದಲ್ಲಿ ಆಳಿಲ್ಲದಿದ್ದರೆ ಬಟವಾಡೆ ದಿನ ಸಿಕ್ಕಿಬೀಳುವವನು ರೈಟರ್; ಇಲ್ಲಿ ಸಿಕ್ಕಿಬೀಳುವುದು ಮಗು.

ಇನ್ನೊಬ್ಬರು ಅಮೆರಿಕದ ಹೈಸ್ಕೂಲ್ ಡಿಪ್ಲೊಮಾ ಕೊಡಿಸುತ್ತೇವೆ ಎಂದರು. ಅಮೆರಿಕದ ಕಥೆಯೇ ಬೇರೆ. ಅಲ್ಲಿ 50 ರಾಜ್ಯಗಳಲ್ಲೂ ಮನೆಯಲ್ಲಿ ಓದಿಸುವುದು ಕಾನೂನುಬದ್ಧ, ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು. ಮಗು ಏನೇನು ಓದಿತೆಂಬ ಪಟ್ಟಿಯನ್ನು ತಂದೆ ತಾಯಿಯೇ ಬರೆದುಕೊಟ್ಟರೂ ನೋಡಿ ಸೇರಿಸಿಕೊಳ್ಳುವ ಕಾಲೇಜುಗಳಿವೆ. ಅಲ್ಲಿನ ತಂದೆತಾಯಿ ಆನ್‌ಲೈನ್ ಶಾಲೆ ಆರಿಸುವಾಗ ಅದಕ್ಕೆ ಕಾಗ್ನಿಯಾದಂಥ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ನೋಡುತ್ತಾರೆ, ಅದು ಅವರಿಗೆ ಸರಿ. ನಮ್ಮ ಹಾಸನದ ಪಿಯು ಕಾಲೇಜಿನ ಗುಮಾಸ್ತರ ಕೌಂಟರಿನಲ್ಲಿ ಆ ಹೆಸರಿಗೆ ಏನು ಬೆಲೆ? ವಿದೇಶಿ ಸರ್ಟಿಫಿಕೇಟು ನಮ್ಮ ಹತ್ತನೇ ತರಗತಿಗೆ ಸಮ ಎಂದು ಬೇರೆ ಪತ್ರ ಮಾಡಿಸಬೇಕು. ಅದನ್ನು ಯಾರು ಮಾಡಿಸಿಕೊಡುತ್ತಾರೆ ಎಂದು ಕೇಳಿದ್ದಕ್ಕೆ ಆ ಕಡೆಯಿಂದ ಫೋನು ಇಟ್ಟರು. ಹತ್ತನೇ ತರಗತಿ ಮಟ್ಟದ ಕೇಂಬ್ರಿಡ್ಜ್ ಪರೀಕ್ಷೆ ಐಜಿಸಿಎಸ್‌ಇಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿ ಇದೆ. ಆದರೆ ಪರೀಕ್ಷಾ ಕೇಂದ್ರವೊಂದು ಒಪ್ಪಬೇಕು, ವಿಷಯಕ್ಕೊಂದು ಶುಲ್ಕ ಕಟ್ಟಬೇಕು. ಅದು ರೈಟರ್ ಸಂಬಳದ ಮಾತಲ್ಲ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದ ಬಹುಪಾಲು ಆನ್‌ಲೈನ್ ಶಾಲೆಗಳು ಕೊನೆಗೆ ಮಾಡುವುದೇನು? ಮಗುವನ್ನು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಗೆ ನೋಂದಾಯಿಸಿ, ಪಾಠ ಹೇಳುತ್ತವೆ. ಪಾಠ ಹೇಳಿಕೊಡುವುದಕ್ಕೆ ದುಡ್ಡು ಕೇಳುವುದು ತಪ್ಪಲ್ಲ. ಆದರೆ ಎನ್‌ಐಒಎಸ್ ಕೇಂದ್ರ ಸರ್ಕಾರದ ಸಂಸ್ಥೆ, 1989ರಿಂದ ಇದೆ, ಅದಕ್ಕೆ ನಾವೇ ಆನ್‌ಲೈನಿನಲ್ಲಿ ನೇರ ಅರ್ಜಿ ಹಾಕಬಹುದು, ಐದು ವಿಷಯಕ್ಕೆ ಕೆಲವೇ ಸಾವಿರದಲ್ಲಿ ಮುಗಿಯುತ್ತದೆ ಎಂದು ಈ ಕೌನ್ಸೆಲರ್‌ಗಳಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ನನಗೆ ಹೇಳಿದ ರೇಟು ವರ್ಷಕ್ಕೆ ಎಂಬತ್ತು ಸಾವಿರ, ಮೂರು ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ, ಇಲ್ಲವೇ ಕಂತಿನ ಸಾಲ. ಮೂರು ವರ್ಷದ ದುಡ್ಡನ್ನು ಯಾರಿಗೂ ಒಟ್ಟಿಗೆ ಕೊಡಬೇಡಿ. ಆನ್‌ಲೈನ್ ಪಾಠದ ಬೈಜೂಸ್‌ನಂಥ ಬೆಟ್ಟದಷ್ಟು ದೊಡ್ಡ ಕಂಪನಿಯೇ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಎನ್‌ಐಒಎಸ್ ಬಗ್ಗೆ ನಮ್ಮ ಕಡೆ 'ಅದು ಫೇಲಾದವರ ಬೋರ್ಡು' ಎಂಬ ಮಾತಿದೆ. ನನ್ನ ಭಾವನೂ ಹಾಗೇ ಅಂದರು. ನಿಯಮ ಓದಿದರೆ ನಮ್ಮ ಮಗಳಂಥವರಿಗೇ ಮಾಡಿದ ಹಾಗಿದೆ. ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಗೆ, 14 ವರ್ಷ ತುಂಬಿರಬೇಕು. ಒಂದು ಭಾಷೆ ಸೇರಿ ಐದು ವಿಷಯ ಸಾಕು. ಭಾಷೆಗಳಲ್ಲಿ ಕನ್ನಡವೂ ಇದೆ. (ನಾನು ವಿಚಾರಿಸಿದ ಖಾಸಗಿ ಆನ್‌ಲೈನ್ ಶಾಲೆಗಳಲ್ಲಿ ಫ್ರೆಂಚ್ ಕಲಿಸುವವರಿದ್ದರು, ಕನ್ನಡ ಕಲಿಸುವವರು ಸಿಗಲಿಲ್ಲ.) ಒಮ್ಮೆ ನೋಂದಣಿಯಾದರೆ ಐದು ವರ್ಷ ಚಾಲ್ತಿ, ಪರೀಕ್ಷೆ ಬರೆಯಲು ಒಂಬತ್ತು ಅವಕಾಶ. ಪಾಸಾದ ವಿಷಯ ಪಾಸಾದ ಹಾಗೇ ಉಳಿಯುತ್ತದೆ. ಪರೀಕ್ಷೆ ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್-ನವೆಂಬರಿನಲ್ಲಿ ಒಮ್ಮೆ. ಎರಡೂ ನಮ್ಮ ಜಡಿಮಳೆಯ ತಿಂಗಳುಗಳಲ್ಲ, ನಮಗೆ ಇದಕ್ಕಿಂತ ಬೇರೇನು ಬೇಕು? ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ ಎರಡನೆಯದು ಬರುತ್ತದೆ, ಅದು ನನ್ನ ರಜೆಯ ತಾಪತ್ರಯ, ಮಗಳದ್ದಲ್ಲ.

ಇದರಲ್ಲೂ ಎಡವುವ ಜಾಗಗಳಿವೆ. ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೆ ಶೇ 20 ಅಂಕ. ಅದನ್ನು ಬೇರೆಯವರ ಕೈಲಿ ಬರೆಸಿಕೊಡುತ್ತೇವೆ ಎನ್ನುವ ಜನ ಇದ್ದಾರೆ, ಅಂಥವರಿಂದ ದೂರವಿರಿ. ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆ ಉಂಟು, ಅದನ್ನು ಎನ್‌ಐಒಎಸ್‌ನ ಅಧ್ಯಯನ ಕೇಂದ್ರಕ್ಕೇ ಹೋಗಿ ಮಾಡಬೇಕು. 'ಎಲ್ಲವೂ ಆನ್‌ಲೈನ್' ಎಂಬ ಮಾತು ಇಲ್ಲಿಗೆ ನಿಲ್ಲುತ್ತದೆ. ಅರ್ಜಿ ತುಂಬುವಾಗಲೇ ಆ ಕೇಂದ್ರವನ್ನು ಆರಿಸಬೇಕು, ಆದ್ದರಿಂದ ಬಸ್ಸಿನ ದಾರಿ ನೋಡಿಕೊಂಡು ಆರಿಸಿ. ಇನ್ನು ವಿಷಯಗಳ ಆಯ್ಕೆ. ಪರಿಚಿತರೊಬ್ಬರ ಮಗನಿಗೆ ಯಾರೋ 'ಗಣಿತ ಬಿಡು, ಚಿತ್ರಕಲೆ, ಡೇಟಾ ಎಂಟ್ರಿ ತಗೋ, ಸಲೀಸು' ಎಂದು ಹೇಳಿದರು. ಹುಡುಗ ಒಳ್ಳೆ ಅಂಕ ತೆಗೆದ. ಪಿಯುಸಿಯಲ್ಲಿ ವಿಜ್ಞಾನ ಬೇಕೆಂದಾಗ ಬಾಗಿಲು ಮುಚ್ಚಿತ್ತು.

ಕರ್ನಾಟಕದ್ದೇ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಇದೆ ಎಂಬುದನ್ನು ಮರೆಯಬೇಡಿ. ಕನ್ನಡ ಮಾಧ್ಯಮದ ಮಗುವಿಗೆ ಪುಸ್ತಕ ಸುಲಭವಾಗಿ ಸಿಗುವುದು ಇದರಲ್ಲಿ. ಭಾಷೆ ಮೂರು, ವಿಷಯ ಮೂರು. ನನ್ನ ಹೆಂಡತಿಗೆ ಕೊನೆಯವರೆಗೂ ಇದರ ಮೇಲೇ ಮನಸ್ಸಿತ್ತು.

ಇನ್ನು, ನನಗೆ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಯಾವ ಕೌನ್ಸೆಲರೂ ಇದನ್ನು ಹೇಳುವುದಿಲ್ಲ, ಏಕೆಂದರೆ ಅವರು ಮಾತಾಡುವುದು ಮುಂಬೈಯಿಂದಲೋ ಗುರುಗ್ರಾಮದಿಂದಲೋ. ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ಸೀಟು ಹಂಚುವ ನಮ್ಮ ರಾಜ್ಯದ ಸಿಇಟಿ ನಿಯಮದ ಪ್ರಕಾರ ಸೀಟು ಕೇಳುವ ಸಾಮಾನ್ಯ ಅಭ್ಯರ್ಥಿ ಒಂದನೇ ತರಗತಿಯಿಂದ ಹನ್ನೆರಡನೆಯವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದಿರಬೇಕು. ನಮ್ಮ ಮಗಳಿಗೆ ಊರ ಶಾಲೆಯ ಏಳು ವರ್ಷ ಕೈಯಲ್ಲಿದೆ, ದೇವರು ದೊಡ್ಡವನು. ಒಂದನೇ ತರಗತಿಯಿಂದಲೇ ಮನೆಯಲ್ಲಿ ಓದಿದ ಮಗು ಈ ಏಳು ವರ್ಷವನ್ನು ಎಲ್ಲಿಂದ ತರಬೇಕು? ಅದಕ್ಕಿಂತ ಹೆಚ್ಚಾಗಿ ನಮ್ಮಂಥವರಿಗೆ ತಾಗುವುದು ಇನ್ನೆರಡು. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ ಮೀಸಲಾತಿ ಶೇ 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಹತ್ತೂ ವರ್ಷದ ಶಾಲೆಯ ಲೆಕ್ಕ ಬೇಕು. ಏಳು ವರ್ಷ ಹಳ್ಳಿಯ ಕನ್ನಡ ಶಾಲೆಯಲ್ಲಿ ಕೂತು, ಎಂಟರಿಂದ ಅದೇ ಹಳ್ಳಿಯ ಅದೇ ಮನೆಯಲ್ಲಿ ಕನ್ನಡದಲ್ಲೇ ಓದಿದ ಮಗು, ಕಾಗದದ ಮೇಲೆ ಗ್ರಾಮೀಣವೂ ಅಲ್ಲ, ಕನ್ನಡ ಮಾಧ್ಯಮವೂ ಅಲ್ಲ. ಆನೆ ಓಡಾಡುವ ದಾರಿಯಲ್ಲಿರುವ ಮನೆಗಿಂತ ಗ್ರಾಮೀಣವಾದದ್ದು ಇನ್ನೇನಿದೆಯೋ! ಮನೆಯಲ್ಲಿ ಈ ವಿಷಯಕ್ಕೆ ದೊಡ್ಡ ಚರ್ಚೆಯೇ ಆಯಿತು. 'ಉಸಿರಾಡಲಿ ಮೊದಲು, ಸೀಟು ಆಮೇಲೆ' ಎಂದು ನನ್ನ ಅವ್ವ ತೀರ್ಪು ಕೊಟ್ಟರು. ತೀರ್ಪು ಒಪ್ಪಿದ್ದೇವೆ. ಆದರೆ ಈ ನಷ್ಟ ಗೊತ್ತಿದ್ದು ಒಪ್ಪುವುದು ಬೇರೆ, ಮೂರು ವರ್ಷ ಕಳೆದು ಸಿಇಟಿ ದಾಖಲೆ ಪರಿಶೀಲನೆ ದಿನ ಗೊತ್ತಾಗುವುದು ಬೇರೆ.

ಮುಂದಿನ ಓದಿಗೆ ಮುಕ್ತ ಶಾಲೆ ಅಡ್ಡಿಯೇ ಎಂದು ಕೇಳುವವರಿಗೆ: ಎಂಜಿನಿಯರಿಂಗಿನ ಜೆಇಇ ಮೇನ್‌ಗೆ ಎನ್‌ಐಒಎಸ್‌ನ ಹನ್ನೆರಡನೇ ತರಗತಿ ನಡೆಯುತ್ತದೆ, ಐದು ವಿಷಯ ಇರಬೇಕು. ವೈದ್ಯಕೀಯದ ನೀಟ್‌ಗೆ ಮುಕ್ತ ಶಾಲೆಯವರು ಕೂರಬಾರದೆಂಬ ತಕರಾರು ವರ್ಷಗಟ್ಟಲೆ ಕೋರ್ಟಿನಲ್ಲಿತ್ತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದು ಮುಗಿಯಿತು, ಈಗ ಅವರೂ ಕೂರಬಹುದು. ಹತ್ತು ಮುಗಿಸಿ ಇಲ್ಲೇ ಪಿಯುಸಿಗೆ ಸೇರಿಸುವುದಾದರೆ ಅರ್ಹತಾ ಪತ್ರ ಬೇಕೇ ಎಂದು ಡಿಡಿಪಿಯು (ಪದವಿಪೂರ್ವ ಶಿಕ್ಷಣ ಇಲಾಖೆಯ ಜಿಲ್ಲಾ) ಕಚೇರಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಪಾಠದ ವಿಷಯಕ್ಕೆ ಬಂದರೆ, ಪೇಟೆಯವರು ನೋಡುವುದನ್ನು ನಾವು ನೋಡಿ ಪ್ರಯೋಜನವಿಲ್ಲ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಲೈವ್ ಕ್ಲಾಸು ಎನ್ನುವುದು ಅವರಿಗೆ ಹೆಮ್ಮೆ. ನಮ್ಮಲ್ಲಿ ಜುಲೈನಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದು ಲೈನ್‌ಮನ್ ಬಂದಾಗ. ಸಿಗ್ನಲ್ ಎರಡು ಗೆರೆ ಸಿಗುವುದು ಕಾಫಿ ಕಣದ ಮೇಲ್ತುದಿಯಲ್ಲಿ ಮಾತ್ರ, ಉಬ್ಬಸದ ಹುಡುಗಿಯನ್ನು ಛತ್ರಿ ಕೊಟ್ಟು ಅಲ್ಲಿ ನಿಲ್ಲಿಸಲೇ? ಪಾಠವನ್ನು ಇಳಿಸಿಕೊಂಡು ಆಮೇಲೆ ನೋಡಬಹುದೇ, ಅಚ್ಚಾದ ಪುಸ್ತಕ ಬರುತ್ತದೆಯೇ, ಅನುಮಾನ ಕೇಳಿದರೆ ಉತ್ತರಿಸುವ ಮೇಷ್ಟರು ಒಬ್ಬರೇ ಇರುತ್ತಾರೋ ವಾರಕ್ಕೊಬ್ಬರು ಬದಲಾಗುತ್ತಾರೋ, ನಡುವೆ ಬಿಟ್ಟರೆ ದುಡ್ಡು ವಾಪಸು ಎಷ್ಟು, ಇದನ್ನೆಲ್ಲ ಬಾಯಲ್ಲಲ್ಲ, ಬರವಣಿಗೆಯಲ್ಲಿ ಕೇಳಿ. ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಎನ್‌ಐಒಎಸ್ ಪಾಠಗಳು ಪುಕ್ಕಟೆ ಇವೆ. ನಾವು ಅದನ್ನೂ, ಹೆಂಡತಿಯ ಪಾಠವನ್ನೂ, ಗಣಿತಕ್ಕೆ ಮಾತ್ರ ಸಂಜೆ ಫೋನಿನಲ್ಲಿ ಹೇಳಿಕೊಡುವ ಒಬ್ಬ ನಿವೃತ್ತ ಮೇಷ್ಟರನ್ನೂ ನೆಚ್ಚಿ ನೇರವಾಗಿ ಅರ್ಜಿ ಹಾಕುತ್ತಿದ್ದೇವೆ. ಜೊತೆಗಾರರಿಲ್ಲವಲ್ಲ ಎಂಬ ಕೊರತೆ ಇದ್ದೇ ಇದೆ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಬರುವ ಮಕ್ಕಳೇ ಸದ್ಯಕ್ಕೆ ಅವಳ ಸ್ನೇಹಿತರು.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮುಕ್ತ ಶಾಲೆ, ಖಾಸಗಿ ಎಸ್ಸೆಸ್ಸೆಲ್ಸಿ, ಸಿಇಟಿಯ ಏಳು ವರ್ಷ ಹತ್ತು ವರ್ಷದ ನಿಯಮ, ಇವನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಗೋಡೆಗೆ ಅಂಟಿಸಿ. ಮುಕ್ತ ಶಾಲೆಯ ಮಕ್ಕಳ ಪ್ರಾಯೋಗಿಕ ಪಾಠಕ್ಕೆ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನ ಪ್ರಯೋಗಾಲಯವನ್ನು ಭಾನುವಾರ ತೆರೆದುಕೊಡಿ. ಮನೆಯಲ್ಲಿ ಓದುವ ಮಗುವಿಗೆ ಗ್ರಾಮೀಣ ಮೀಸಲಾತಿ ಏಕಿಲ್ಲ ಎಂಬ ಪ್ರಶ್ನೆಯನ್ನು ನಮ್ಮ ಶಾಸಕರು ಸದನದಲ್ಲಿ ಕೇಳಲಿ.

ಏಳನೇ ತರಗತಿ ಮುಗಿಸಿ ಮಕ್ಕಳನ್ನು ಮನೆಯಲ್ಲಿ ಓದಿಸಲು ಹೊರಟವರಿಗೆ ಒಂದು ಮಾತು: ಟಿಸಿಯ ಜೊತೆಗೆ ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಟ್ಟಿರುವ ಸ್ಯಾಟ್ಸ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ, ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಬಿಇಒ ಅವರ ಮೇಲುಸಹಿ ಎರಡನ್ನೂ ಈಗಲೇ ಹಾಕಿಸಿಕೊಳ್ಳಿ. ಮಕ್ಕಳಿಲ್ಲದೆ ಊರ ಶಾಲೆಗಳು ಮುಚ್ಚುತ್ತಿವೆ. ಐದು ವರ್ಷ ಬಿಟ್ಟು ಹೋದರೆ ದಾಖಲಾತಿ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಹುಡುಕಬೇಕಾದೀತು.

ಇಂತಿ,
ಒಬ್ಬ ತೋಟದ ರೈಟರ್
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ