ಮೂರು ತಂತಿ ಕಟ್ಟಿಕೊಟ್ಟವರಿಗೆ

ಅಮೆರಿಕದ ಮೆಂಫಿಸ್ ಸುತ್ತಮುತ್ತಲಿನ ಕನ್ನಡದವರೆಲ್ಲ ಸೇರಿ ಮಾಡಿದ ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ನಾನು ಮತ್ತೆ ವೇದಿಕೆ ಹತ್ತಿದೆ. ನುಡಿಸಿದ್ದು ಸಿಗಾರ್ ಡಬ್ಬಿಯಿಂದ ಮನೆಯಲ್ಲೇ ಮಾಡಿದ ಮೂರು ತಂತಿಯ ಗಿಟಾರ್. ಆಮೇಲೆ ತುಂಬಾ ಜನ ಬಂದು ಮಾತಾಡಿಸಿದಿರಿ, ಮೆಸೇಜ್ ಕಳಿಸಿದಿರಿ. "ಎಲ್ಲಿ ಕೊಂಡ್ರಿ ಇದನ್ನ?" ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ಆ ಗಿಟಾರಿನ ಒಂದೊಂದು ಭಾಗದಲ್ಲೂ ಒಬ್ಬೊಬ್ಬರ ಋಣ ಇದೆ. ಅದನ್ನು ನಾಲ್ಕು ಜನರ ಮುಂದೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಹೊಸಬರಿಗೆ ಹಿಂದಿನ ಕತೆ ಗೊತ್ತಿರಲಿಕ್ಕಿಲ್ಲ. ಮೈಸೂರಿನಲ್ಲಿ ಚಿಕ್ಕಂದಿನಿಂದ ವೀಣೆ ಕಲಿತವಳು ನಾನು. ಮದುವೆಯಾಗಿ ಇಲ್ಲಿಗೆ ಬಂದಮೇಲೂ ಬಿಟ್ಟಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದಿತು. ಎಡ ಮಣಿಕಟ್ಟು ಮುರಿಯಿತು. ಪ್ಲೇಟು, ಸ್ಕ್ರೂ ಹಾಕಿ ಮೂಳೆ ಕೂಡಿಸಿದರು. ಮೂಳೆ ಕೂಡಿತು, ಆದರೆ ಉಂಗುರದ ಬೆರಳು, ಕಿರುಬೆರಳು ಮೊದಲಿನ ಹಾಗೆ ಮಡಚಲಿಲ್ಲ. ವೀಣೆ ಗೊತ್ತಿದ್ದವರಿಗೆ ಇದರ ಸಂಕಟ ಅರ್ಥವಾಗುತ್ತೆ. ಗಮಕ, ಅಂದರೆ ಸ್ವರದ ಒಲೆದಾಟ, ಬರಬೇಕಾದರೆ ತಂತಿಯನ್ನು ಮೆಟ್ಟಿನ ಮೇಲೆ ಒತ್ತಿ ಅಡ್ಡಕ್ಕೆ ಎಳೆಯಬೇಕು. ಆ ಶಕ್ತಿ ನನ್ನ ಕೈಯಲ್ಲಿ ಉಳಿದಿರಲಿಲ್ಲ. ವೀಣೆಗೆ ಬಟ್ಟೆ ಮುಚ್ಚಿ ಗೋಡೆಗೆ ಒರಗಿಸಿಟ್ಟೆ. ಮನೆಯಲ್ಲಿ ಹಾಡು ಹಾಕಿದರೂ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದ ಕಾಲ ಅದು.

ಮೊದಲ ನಮಸ್ಕಾರ ನನ್ನ ಕೈಗೆ ವ್ಯಾಯಾಮ ಹೇಳಿಕೊಟ್ಟ ಥೆರಪಿಸ್ಟ್‌ಗೆ. ರಬ್ಬರಿನಂಥ ಹಿಟ್ಟು ಹಿಸುಕುವುದು, ಬಟ್ಟೆ ಕ್ಲಿಪ್ ಅದುಮುವುದು, ಇದೇ ನಡೆದಿತ್ತು. ಒಂದು ದಿನ ಆಕೆ ಕೇಳಿದರು, "ಈ ಕೈಯಿಂದ ನಿಮಗೆ ಏನು ಮಾಡೋಕೆ ಇಷ್ಟ?" ನನಗೆ ಅಳು ಬಂತು. ಆಕೆ ಸುಮ್ನೆ ಕೂತು ಕೇಳಿಸಿಕೊಂಡರು. ಮುಂದಿನ ಸಲ ಹೋದಾಗ, ಬೆರಳಿಗೆ ಕೊಳವೆ ಹಾಕಿಕೊಂಡು ನುಡಿಸುವ ಸ್ಲೈಡ್ ಗಿಟಾರ್ ಬಗ್ಗೆ ಓದಿಕೊಂಡು ಬಂದಿದ್ದರು. ಅದು ಅವರ ಕೆಲಸವೇ ಅಲ್ಲ, ಅಲ್ವಾ? ಆದರೂ ಮಾಡಿದರು.

ಆಮೇಲಿನದೆಲ್ಲ ನಮ್ಮ ಎದುರುಮನೆಯ ತಾತನ ಕೊಡುಗೆ. ಮಿಸಿಸಿಪಿ ಡೆಲ್ಟಾದ ಹತ್ತಿ ಹೊಲಗಳ ಕಡೆಯಿಂದ ಚಿಕ್ಕವರಿದ್ದಾಗಲೇ ಮೆಂಫಿಸ್‌ಗೆ ಬಂದ ಕುಟುಂಬ ಅವರದು. ಶನಿವಾರ ಬೆಳಗ್ಗೆ ಅವರ ಗ್ಯಾರೇಜ್ ಬಾಗಿಲು ತೆರೆದಿರುತ್ತೆ, ಒಳಗೆ ಮರ ಕೊಯ್ಯುವ ಸದ್ದು. ಇಷ್ಟು ವರ್ಷ ಕೈಬೀಸಿ ಮುಂದೆ ಹೋಗುತ್ತಿದ್ದೆವು ಅಷ್ಟೇ. ಕೈಗೆ ಪಟ್ಟಿ ಕಟ್ಟಿಕೊಂಡು ಓಡಾಡುವುದನ್ನು ನೋಡಿ ಅವರೇ ಕರೆದರು. ಖಾಲಿ ಸಿಗಾರ್ ಡಬ್ಬಿಯೊಂದನ್ನು ಕೈಗೆ ಕೊಟ್ಟು, ಮುಚ್ಚಳದ ಮೇಲೆ ಬೆರಳಿಂದ ಬಡಿಯೋಕೆ ಹೇಳಿದರು. ಡಬ್ಬಿ ಗುಂಯ್ ಅಂತು.

ಅವರಿಂದ ಕೇಳಿದ ಎಷ್ಟೋ ವಿಷಯ ಆಮೇಲೆ ನಾನೂ ಓದಿ ತಿಳಿದುಕೊಂಡೆ. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, ಸಿಗಾರ್ ಮೇಲೆ ತೆರಿಗೆ ಬಂತು. ಸಿಗಾರನ್ನು ಡಬ್ಬಿಯಲ್ಲೇ ತುಂಬಿ, ತೆರಿಗೆ ಚೀಟಿ ಅಂಟಿಸಿ ಮಾರಬೇಕು ಅಂತ ಕಾನೂನಾಯಿತು. ಒಮ್ಮೆ ಖಾಲಿಯಾದ ಡಬ್ಬಿಯಲ್ಲಿ ಮತ್ತೆ ಸಿಗಾರ್ ತುಂಬುವ ಹಾಗಿರಲಿಲ್ಲ. ಹಾಗಾಗಿ ಒಳ್ಳೆ ತೆಳುಮರದ ಡಬ್ಬಿಗಳು ಮನೆಮನೆಯಲ್ಲೂ ಉಳಿದವು. ಗಿಟಾರ್ ಕೊಳ್ಳೋಕೆ ದುಡ್ಡಿಲ್ಲದವರು ಅದಕ್ಕೊಂದು ಕೋಲು ಸಿಕ್ಕಿಸಿ ತಂತಿ ಕಟ್ಟಿದರು. ಡೆಲ್ಟಾದ ಕರಿಯ ಜನರ ಮಕ್ಕಳಿಗೆ ಕೆಲವು ಸಲ ಆ ಡಬ್ಬಿಯೂ ಇರುತ್ತಿರಲಿಲ್ಲ. ಪೊರಕೆ ಕಟ್ಟಿದ ತಂತಿ ಬಿಚ್ಚಿ, ಗೋಡೆಗೆ ಎರಡು ಮೊಳೆ ಹೊಡೆದು ಬಿಗಿದು, ಬಾಟಲಿ ಜಾರಿಸಿ ನುಡಿಸುತ್ತಿದ್ದರು. ತಾತನ ಅಜ್ಜನೂ ಹಾಗೇ ಕಲಿತದ್ದಂತೆ. ನಮ್ಮ ಪಶ್ಚಿಮ ಟೆನೆಸ್ಸಿಯ ಟಿಪ್ಟನ್‌ವಿಲ್‌ನಲ್ಲಿ ಗೇಣಿ ಕುಟುಂಬದಲ್ಲಿ ಹುಟ್ಟಿದ ರಾಕಬಿಲಿ ಗಾಯಕ ಕಾರ್ಲ್ ಪರ್ಕಿನ್ಸ್‌ಗೆ ಅವರಪ್ಪ ಸಿಗಾರ್ ಡಬ್ಬಿಗೆ ಪೊರಕೆ ಕೋಲು ಸೇರಿಸಿ ಮೊದಲ ಗಿಟಾರ್ ಮಾಡಿಕೊಟ್ಟಿದ್ದರು. ಮುಂದೆ ಅವರು ಇದೇ ಮೆಂಫಿಸ್‌ನಲ್ಲಿ ರೆಕಾರ್ಡ್ ಮಾಡಿ ದೊಡ್ಡ ಹೆಸರಾದರು. ಇಷ್ಟು ಬಡತನದಲ್ಲಿ ಹುಟ್ಟಿದ ವಿದ್ಯೆಯನ್ನು, ಎಲ್ಲಿಂದಲೋ ಬಂದ ನನಗೆ ತಾತ ಒಂದು ಪೈಸೆ ತಗೊಳ್ಳದೆ ಕೊಟ್ಟರು. ಇದನ್ನು ನಾನು ಮರೆಯುವ ಹಾಗಿಲ್ಲ.

ಮಾಡಿದ್ದು ಹೇಗೆ ಅಂತ ಕೇಳಿದವರಿಗೆ ಸ್ವಲ್ಪ ಹೇಳುತ್ತೇನೆ. ಒಂದೂವರೆ ಇಂಚು ಅಗಲದ ಮೇಪಲ್ ಮರದ ಪಟ್ಟಿಯೇ ದಂಡಿ, ಅಂದರೆ ಗಿಟಾರಿನ ಕತ್ತು. ಅದು ಡಬ್ಬಿಯ ಈ ಕಡೆಯಿಂದ ಆ ಕಡೆಗೆ, ಮುಚ್ಚಳದ ಕೆಳಗೇ ಹಾದುಹೋಗುತ್ತೆ. ಇಲ್ಲೇ ತಾತ ನನ್ನನ್ನು ತುಂಬಾ ಹೊತ್ತು ಕೂರಿಸಿದ್ದು. ಡಬ್ಬಿಯೊಳಗೆ ಬರುವಷ್ಟು ಉದ್ದಕ್ಕೆ ಪಟ್ಟಿಯನ್ನು ಸುಮಾರು ಮೂರು ಮಿಲಿಮೀಟರ್ ಹೆರೆದು ತಗ್ಗು ಮಾಡಬೇಕು. ಪಟ್ಟಿ ಮುಚ್ಚಳಕ್ಕೆ ತಾಗಿದರೆ ಮುಚ್ಚಳ ಅದುರಲ್ಲ, ನಾದ ಸತ್ತುಹೋಗುತ್ತೆ. ಉಳಿ ಹಿಡಿಯೋಕೆ ನನ್ನ ಎಡಗೈಗೆ ಆಗುತ್ತಿರಲಿಲ್ಲ. ಅವರು ಅವಸರ ಮಾಡಲಿಲ್ಲ, ನನ್ನ ಕೈಯಿಂದ ಕಿತ್ತುಕೊಂಡು ತಾವೇ ಮಾಡಲೂ ಇಲ್ಲ. ಮರಳುಕಾಗದ ಸುತ್ತಿದ ಮರದ ತುಂಡು ಕೊಟ್ಟು "ಉಜ್ಜು" ಅಂದರು. ಉಜ್ಜುತ್ತಾ ಉಜ್ಜುತ್ತಾ ಮಣಿಕಟ್ಟು ಸಡಿಲವಾಗುತ್ತಾ ಬಂತು. ನಡುನಡುವೆ ಒಂದು ಕಾಗದದ ಚೂರನ್ನು ಪಟ್ಟಿಗೂ ಮುಚ್ಚಳಕ್ಕೂ ನಡುವೆ ತೂರಿಸಿ ನೋಡುತ್ತಿದ್ದೆವು. ಅದು ಎಲ್ಲೂ ಸಿಕ್ಕಿಕೊಳ್ಳದೆ ಈ ತುದಿಯಿಂದ ಆ ತುದಿಗೆ ಹೋದ ದಿನ ತಾತ ಜೋರಾಗಿ ಚಪ್ಪಾಳೆ ತಟ್ಟಿದರು.

ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಜಾಗದಲ್ಲಿ ಒಂದು ಉದ್ದನೆಯ ಬೋಲ್ಟ್. ತಂತಿಗಳ ಬುಡ ಕಟ್ಟೋಕೆ ಬಾಗಿಲಿಗೆ ಹಾಕುವ ಕೀಲು. ಎರಡನ್ನೂ ಹಾರ್ಡ್‌ವೇರ್ ಅಂಗಡಿಯ ಹುಡುಗ ತಾನೇ ಹುಡುಕಿ ಕೊಟ್ಟ. ಡಬ್ಬಿಗಳು ಸಿಗಾರ್ ಅಂಗಡಿಯವರದು, ಒಂದೆರಡು ಡಾಲರ್ ಕೊಟ್ಟರೆ ಖುಷಿಯಿಂದ ಕೊಡುತ್ತಾರೆ. ಇಬ್ಬರಿಗೂ ಥ್ಯಾಂಕ್ಸ್.

ಇನ್ನು ಶ್ರುತಿ. ಮಾಮೂಲಿ ಗಿಟಾರಿನ ತಂತಿ ಸೆಟ್ಟಿನಿಂದ ಐದು, ನಾಲ್ಕು, ಮೂರನೆಯ ತಂತಿ ಮಾತ್ರ ತಗೊಂಡು ಜಿ, ಡಿ, ಜಿ ಅನ್ನುವ ಪಾಶ್ಚಾತ್ಯ ಸ್ವರಗಳಿಗೆ ಕೂಡಿಸುತ್ತಾರೆ. ತಾತ ತಂತಿ ಬಿಗಿಸುವ ಬಿರಡೆ ತಿರುಗಿಸಿ ಮೂರನ್ನೂ ಒಟ್ಟಿಗೆ ಮೀಟಿದಾಗ ನನಗೆ ಮೈ ಜುಮ್ಮೆಂದಿತು. ಸ, ಪ, ಮೇಲಿನ ಸ! ನಮ್ಮ ತಂಬೂರಿಯದೇ ಸ್ವರಗಳು. ಗಾಂಧಾರ ಇಲ್ಲವೇ ಇಲ್ಲ. ಹಾಗಾಗಿ ಪಂಚಮ ಇರುವ ಯಾವ ರಾಗಕ್ಕೂ ಅದು ಅಡ್ಡ ಬರಲ್ಲ. ಸ್ಲೈಡನ್ನು ಅಡ್ಡಲಾಗಿ ಇಟ್ಟರೆ ಮೂರೂ ತಂತಿ ಒಟ್ಟಿಗೆ ಸ್ಥಾನ ಬದಲಿಸುತ್ತವೆ, ಬೆರಳು ಜೋಡಿಸುವ ಕಷ್ಟವೇ ಇಲ್ಲ. ಗಾಜಿನ ಕೊಳವೆಯನ್ನು ನನ್ನ ಮಡಚದ ಉಂಗುರದ ಬೆರಳಿಗೇ ತೊಡಿಸಿದರು. ಸ್ಲೈಡ್ ಹಾಕಿದ ಬೆರಳು ಹೇಗೂ ನೆಟ್ಟಗಿರಬೇಕು. "ಒತ್ತಬೇಡಮ್ಮ, ಸುಮ್ನೆ ತಾಗಿಸು" ಅಂದರು. ದಂಡಿಯ ಮೇಲೆ ಮೆಟ್ಟಿನ ಬದಲು ಬರೆದ ಗೀಟಿನ ನೇರಕ್ಕೆ ತಾಗಿಸಿ ಜಾರಿಸಿದೆ. ಎಳೆಯೋಕೆ ಆಗದೆ ಕಳೆದುಕೊಂಡಿದ್ದ ಜಾರು ಅಲ್ಲಿ ಸಲೀಸಾಗಿ ಬಂತು.

ಒಂದು ಸಂಜೆ ಇಬ್ಬರೂ ಕೂತು ನುಡಿಸುತ್ತಿದ್ದೆವು. ಡೆಲ್ಟಾದ ಕರಿಯ ಜನರ ಹಾಡಿನ ಶೈಲಿಯಾದ ಬ್ಲೂಸ್‌ನಲ್ಲಿ ಅವರ ಧಾಟಿ ಮೂರು, ಐದು, ಏಳು, ಹತ್ತು, ಹನ್ನೆರಡನೆಯ ಗೀಟಿನ ಮೇಲೆ ಓಡಾಡುತ್ತಿತ್ತು. ಸ್ವರ ಹಾಕಿ ನೋಡಿದರೆ ನಮ್ಮ ಶುದ್ಧ ಧನ್ಯಾಸಿ ರಾಗ! ನಾನು ಮೂರನೆಯ ಗೀಟು ಬಿಟ್ಟು ಎರಡನೆಯದಕ್ಕೆ ಬಂದೆ, ಗಾಂಧಾರದ ಬದಲು ರಿಷಭ. ಮಧ್ಯಮಾವತಿ ರಾಗ ಆಯಿತು. ಮಿಕ್ಕ ಸ್ವರಗಳೆಲ್ಲ ಅವೇ. ತಾತ ತಮ್ಮ ಮೂರನೆಯ ಗೀಟಿನಲ್ಲಿ, ನಾನು ನನ್ನ ಎರಡನೆಯದರಲ್ಲಿ, ಸರದಿಯಂತೆ ನುಡಿಸುತ್ತಾ ಕತ್ತಲಾದದ್ದೇ ಗೊತ್ತಾಗಲಿಲ್ಲ. ಯುಗಾದಿಗೆ ನೀವು ಕೇಳಿದ ಮಧ್ಯಮಾವತಿ ಆ ಸಂಜೆಯದು.

ಮೈಸೂರಿನ ನಮ್ಮ ವೀಣೆ ಮೇಷ್ಟ್ರಿಗೆ ಹೇಗೆ ಹೇಳುವುದು ಅಂತ ಅಳುಕಿತ್ತು. ಫೋನಿನಲ್ಲಿ ನುಡಿಸಿ ತೋರಿಸಿದೆ. ಪೂರ್ತಿ ಕೇಳಿ, "ನಿಷಾದ ಒಂಚೂರು ಮೇಲೆ ಹೋಗ್ತಿದೆ, ನೋಡ್ಕೋಮ್ಮ" ಅಂದರು. ಮೊದಲಿನ ಹಾಗೇ ತಿದ್ದಿದರಲ್ಲ, ನನಗೆ ಅದಕ್ಕಿಂತ ದೊಡ್ಡ ಸಮಾಧಾನ ಇರಲಿಲ್ಲ. ಈಗ ವಾರಕ್ಕೊಮ್ಮೆ ಪಾಠ ಮತ್ತೆ ಶುರುವಾಗಿದೆ. ಮೇಷ್ಟ್ರೇ, ನಿಮ್ಮ ಪಾದಕ್ಕೆ ನಮಸ್ಕಾರ. ನಮ್ಮತ್ತೆಯಂತೂ ಸಿಗಾರ್ ಡಬ್ಬಿ ಅಂತ ಒಂದು ಮಾತು ಎತ್ತಲಿಲ್ಲ. ಸರಸ್ವತಿ ಪೂಜೆ ದಿನ ವಿಡಿಯೋದಲ್ಲಿ, "ವೀಣೆ ಪಕ್ಕದಲ್ಲೇ ಅದನ್ನೂ ಇಡು, ಅರಿಶಿನ ಕುಂಕುಮ ಹಚ್ಚು" ಅಂದರು. ನಮ್ಮನೆಯವರು ಎಷ್ಟೋ ತಿಂಗಳು ಅಡುಗೆ, ಮಗಳ ಸ್ಕೂಲು ಎರಡನ್ನೂ ಒಬ್ಬರೇ ನೋಡಿಕೊಂಡರು. ದಂಡಿಯ ಮೇಲೆ ಗೀಟು ಹಾಕಿ ಅಂಕಿ ಬರೆದದ್ದು ಮಗಳು. ಹನ್ನೆರಡನೆಯ ಗೀಟಿನ ಹತ್ತಿರ ಇರುವ ಪುಟ್ಟ ನವಿಲು ಅವಳದೇ ಚಿತ್ರ.

ವೇದಿಕೆ ಮೇಲೆ ನನ್ನ ಪಕ್ಕ ಕೂತು ಕಾಲಿನಲ್ಲೇ ತಾಳ ಹಾಕಿದ ಹಿರಿಯರು ಯಾರು ಅಂತ ಕೆಲವರು ಕೇಳಿದ್ದಿರಿ. ಅವರೇ ಎದುರುಮನೆ ತಾತ. ನೀವೆಲ್ಲ ಎದ್ದುನಿಂತು ಅವರಿಗೆ ಚಪ್ಪಾಳೆ ತಟ್ಟಿದಿರಿ, ಮಕ್ಕಳು ಹೋಗಿ ಕಾಲಿಗೆ ನಮಸ್ಕಾರ ಮಾಡಿದವು, ಯಾರೋ ಎರಡನೇ ಸಲ ಒಬ್ಬಟ್ಟು ಬಡಿಸಿದಿರಿ. ಅವರು ಇನ್ನೂ ಅದನ್ನೇ ಹೇಳುತ್ತಿರುತ್ತಾರೆ. ನಿಮಗೂ ನನ್ನ ಮನಸಾರೆ ಕೃತಜ್ಞತೆಗಳು.

ಮಾಡೋದು ಕಲಿಯಬೇಕು ಅಂದವರಿಗೆ: ಶನಿವಾರ ಬೆಳಗ್ಗೆ ತಾತನ ಗ್ಯಾರೇಜಿಗೆ ಬನ್ನಿ, ಅವರೇ ಕರೆದಿದ್ದಾರೆ. ಡಬ್ಬಿ ನನ್ನ ಹತ್ತಿರ ಜಾಸ್ತಿ ಇವೆ. ಮೇಪಲ್ ಪಟ್ಟಿ, ಒಂದು ಸೆಟ್ ತಂತಿ, ಮೂರು ಬಿರಡೆ ನೀವು ತನ್ನಿ. ಕೈ ನೋವಿರುವವರು ಮುಜುಗರ ಪಡಬೇಡಿ, ಉಜ್ಜುವ ಕೆಲಸಕ್ಕೆ ನಾನು ಜೊತೆಗಿರುತ್ತೇನೆ.