ಮನೆಯಲ್ಲಿ ಕಲಿಯುವ ಮಕ್ಕಳನ್ನು ಯಾವ ಪಟ್ಟಿಗೆ ಸೇರಿಸಬೇಕು?

ಮಾನ್ಯ ಸಂಪಾದಕರಿಗೆ,

ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆಂದು ನಮ್ಮೂರಿಗೆ ಬಂದಿದ್ದ ಶಿಕ್ಷಕರು ನಮ್ಮ ಮಗನ ಹೆಸರನ್ನು ಬರೆದುಕೊಂಡು, ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಬಹಳ ಹೊತ್ತು ಯೋಚಿಸಿದರು. ಅವರಲ್ಲಿದ್ದ ಆಯ್ಕೆಗಳು ಬಡತನ, ವಲಸೆ, ಅನಾರೋಗ್ಯ, ದುಡಿಮೆ ಮುಂತಾದವು. ತಂದೆತಾಯಿ ಆಲೋಚಿಸಿ, ಹೊಣೆ ಹೊತ್ತು, ಮನೆಯಲ್ಲೇ ಕಲಿಸುತ್ತಿರುವ ಮಗುವಿಗೆ ಅಲ್ಲಿ ಜಾಗವಿರಲಿಲ್ಲ. ಇದರಲ್ಲಿ ಆ ಶಿಕ್ಷಕರ ತಪ್ಪೇನೂ ಇಲ್ಲ. ಆದರೆ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಹೊರಟು ಓದನ್ನೇ ಕಳೆದುಕೊಂಡ ಮಗುವನ್ನೂ, ದಿನವೂ ಓದಿ ಬರೆದು ಲೆಕ್ಕ ಮಾಡುವ ಮಗುವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ ಎಂಬುದನ್ನು ಜಿಲ್ಲೆಯ ಶಿಕ್ಷಣ ಇಲಾಖೆಯ ಗಮನಕ್ಕೆ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಾನೂನಿನ ಸ್ಥಿತಿ ಹೀಗಿದೆ. ಸಂವಿಧಾನದ 21ಎ ವಿಧಿಯ ಆಧಾರದಲ್ಲಿ ರೂಪುಗೊಂಡು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದೊಳಗಿನ ಪ್ರತಿ ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ನೀಡಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಮನೆಯಲ್ಲಿ ಕಲಿಸುವ ಪದ್ಧತಿಗೆ ಅದು ಅನುಮತಿಯನ್ನೂ ಕೊಟ್ಟಿಲ್ಲ, ಹೆಸರು ಹಿಡಿದು ನಿಷೇಧಿಸಿಯೂ ಇಲ್ಲ. ಈ ಮೌನದಿಂದಾಗಿ ನಮ್ಮಂಥವರು ಪ್ರತಿ ವರ್ಷ ಹೊಸ ಅಧಿಕಾರಿಯ ಮುಂದೆ ಹೊಸದಾಗಿ ವಿವರಣೆ ಕೊಡಬೇಕಾಗುತ್ತದೆ, ಅವರವರ ತಿಳಿವಳಿಕೆಗೆ ತಕ್ಕಂತೆ ಉತ್ತರ ಪಡೆಯಬೇಕಾಗುತ್ತದೆ.

ನಾವು ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು. ನಾನು ವಿಜ್ಞಾನ ಪದವೀಧರೆ. ಮಗ ಮೊದಲು ಹೋಗುತ್ತಿದ್ದ ಖಾಸಗಿ ಶಾಲೆಯಲ್ಲಿ ಪ್ರಶ್ನೋತ್ತರಗಳನ್ನು ನಕಲು ಮಾಡುವುದೇ ಓದಾಗಿತ್ತು. ಬಾಯಿಲೆಕ್ಕದಲ್ಲಿ ಚುರುಕಾಗಿದ್ದ ಹುಡುಗ ಅಕ್ಷರ ಕಂಡರೆ ಮುಖ ತಿರುಗಿಸುವ ಹಂತಕ್ಕೆ ಬಂದಾಗ ಮನೆಯಲ್ಲಿ ಕಲಿಸಲು ತೀರ್ಮಾನಿಸಿದೆವು. ಹಾಗೆಂದು ಶಾಲೆಗಳ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ಮಗಳು ಊರಿನ ಸರ್ಕಾರಿ ಶಾಲೆಗೆ ಸಂತೋಷದಿಂದ ಹೋಗುತ್ತಿದ್ದಾಳೆ, ಅವಳಿಗೆ ಅಲ್ಲಿ ಒಳ್ಳೆಯ ಶಿಕ್ಷಕಿಯರಿದ್ದಾರೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ದಾರಿ ಹೊಂದಿಬರಬಹುದು ಎಂಬುದಷ್ಟೇ ನನ್ನ ಮಾತು.

ಮನೆಯಲ್ಲಿ ಕಲಿಕೆ ಎಂದರೆ ಮನೆಯನ್ನೇ ಶಾಲೆ ಮಾಡಿ ಗಂಟೆ ಬಾರಿಸುವುದಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ಕನ್ನಡ, ಇಂಗ್ಲಿಷ್ ಮತ್ತು ಗಣಿತದ ಅಭ್ಯಾಸ ತಪ್ಪದೆ ನಡೆಯುತ್ತದೆ. ಉಳಿದದ್ದು ಋತುವಿಗೆ, ಕೆಲಸಕ್ಕೆ, ಮಗುವಿನ ಪ್ರಶ್ನೆಗೆ ತಕ್ಕಂತೆ ಬದಲಾಗುತ್ತದೆ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುವ ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು ಮಗ ಪ್ರತಿದಿನ ಗ್ರಾಫ್ ಹಾಳೆಯ ಮೇಲೆ ಗುರುತಿಸುತ್ತಾನೆ. ಗರಿಷ್ಠ ಮಟ್ಟ 519.60 ಮೀಟರ್, ಅಲ್ಲಿಯವರೆಗೆ ತುಂಬಿದರೆ ಸುಮಾರು 123 ಟಿಎಂಸಿ ಅಡಿ ನೀರು (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ). ಒಂದು ಲಕ್ಷ ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಒಳಹರಿವು ದಿನವಿಡೀ ಇದ್ದರೆ ಎಷ್ಟು ನೀರು ಬಂದಂತಾಯಿತು ಎಂಬ ಪ್ರಶ್ನೆಯನ್ನು ಅವನೇ ಎತ್ತಿದ. ಒಂದು ದಿನಕ್ಕೆ 86,400 ಸೆಕೆಂಡು ಎಂದು ಗುಣಿಸಿ 8.64 ಟಿಎಂಸಿ ಅಡಿ ಎಂಬ ಉತ್ತರಕ್ಕೆ ಬರುವಷ್ಟರಲ್ಲಿ ದೊಡ್ಡ ಸಂಖ್ಯೆಗಳ ಸೊನ್ನೆಗಳನ್ನು ಎಣಿಸುವುದು ಅವನಿಗೆ ರೂಢಿಯಾಗಿತ್ತು. ಮತ್ತೊಂದು ಸಂಗತಿಯನ್ನೂ ಅವನು ಗಮನಿಸಿದ: ಜಲಾಶಯ ಕೆಳಮಟ್ಟದಲ್ಲಿದ್ದಾಗ ಒಂದು ಮೀಟರ್ ಏರಲು ಬೇಕಾಗುವುದಕ್ಕಿಂತ, ತುಂಬುವ ಹಂತದಲ್ಲಿ ಒಂದು ಮೀಟರ್ ಏರಲು ಬಹಳ ಹೆಚ್ಚು ನೀರು ಬೇಕು. ಅಡುಗೆಮನೆಯ ಬೋಗುಣಿಯೊಳಗೆ ಅಳತೆಪಟ್ಟಿ ನಿಲ್ಲಿಸಿ, ಲೋಟದಿಂದ ಎಣಿಸಿ ಎಣಿಸಿ ನೀರು ಸುರಿದು, ಬಾಯಿ ಅಗಲವಾದಂತೆ ಮಟ್ಟ ನಿಧಾನವಾಗಿ ಏರುವುದನ್ನು ಅವನು ತಾನೇ ಕಂಡುಕೊಂಡ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆಯಾದರೆ ಇಲ್ಲಿ ಮಟ್ಟ ಏಕೆ ಏರುತ್ತದೆಂದು ನೋಡಲು ಭೂಪಟ ತೆರೆದೆವು. ಭೂಗೋಳವೂ ಗಣಿತವೂ ಅಲ್ಲಿ ಬೇರೆ ಬೇರೆ ಅವಧಿಗಳಾಗಿ ಬರಲಿಲ್ಲ.

ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಕಾಲ ಬಂದಾಗ ಇದೇ ಬಗೆಯ ಕಲಿಕೆ ನಡೆಯುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ ಎಂಬುದು ನಮ್ಮ ಭಾಗದ ಎಲ್ಲ ರೈತರಿಗೂ ಗೊತ್ತು. ತೂಕ ಬರೆದುಕೊಳ್ಳುತ್ತಿದ್ದ ಮಗ, “ಅವ್ವಾ, ನೂರು ಕೆಜಿ ಹಾಕಿದ್ರ ಇಪ್ಪತ್ತೈದು ಬಂತಲ್ಲ, ಉಳದದ್ದು ಎಲ್ಲಿ ಹೋತು?” ಎಂದು ಕೇಳಿದ. ಹಣ್ಣಿನ ಸಿಪ್ಪೆಯ ಮೇಲೆ ಮೇಣದ ತೆಳು ಪದರವಿರುತ್ತದೆ, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದಾಗ ಆ ಪದರ ಸಡಿಲಗೊಂಡು ಒಳಗಿನ ನೀರು ಬೇಗ ಆವಿಯಾಗುತ್ತದೆ, ನೆರಳಿನಲ್ಲಿ ಒಣಗಿಸುವುದರಿಂದ ಹಸಿರು ಬಣ್ಣ ಉಳಿಯುತ್ತದೆ ಎಂಬ ವಿವರಣೆ ಆ ಒಂದು ಪ್ರಶ್ನೆಯಿಂದ ಹೊರಟಿತು. ಅಲ್ಲಿಂದ ಶೇಕಡಾವಾರು, ಕೂಲಿ, ಸಾಗಾಟ, ಕಿಲೋ ಒಂದಕ್ಕೆ ತಗುಲಿದ ಖರ್ಚು. ಇವನ್ನೆಲ್ಲ ಅವನು ತನ್ನ ನೋಟ್‌ಬುಕ್ಕಿನಲ್ಲಿ ತನ್ನದೇ ವಾಕ್ಯಗಳಲ್ಲಿ ಬರೆದಿದ್ದಾನೆ. ಕಾಗುಣಿತದ ತಪ್ಪುಗಳಿವೆ, ಆದರೆ ನಕಲು ಮಾಡಿದ ಒಂದು ಸಾಲೂ ಇಲ್ಲ. ಓದಲು ಪುಸ್ತಕಗಳು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಿಗುತ್ತವೆ, ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಇದು ವಿದೇಶದಿಂದ ತಂದ ಹೊಸ ಗೀಳು ಎಂದು ಆಕ್ಷೇಪಿಸುವವರಿದ್ದಾರೆ. ನಮ್ಮದೇ ರಾಜ್ಯದ ನಲಿ-ಕಲಿಯನ್ನು ಅವರು ನೆನಪಿಸಿಕೊಳ್ಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲೇರುತ್ತಾರೆ, ಒಂದು ವಾರ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಶಾಲೆಯ ಹೊರಗಿನ ಬದುಕಿಗೂ ಕಲಿಕೆಗೂ ನಂಟು ಇರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳಿದೆ. ಸರ್ಕಾರವೇ ಒಪ್ಪಿಕೊಂಡ ತತ್ವವನ್ನು ಒಂದು ಕುಟುಂಬ ಮನೆಯಲ್ಲಿ ಪಾಲಿಸಿದರೆ ಅದನ್ನು ಸಂಶಯದಿಂದ ನೋಡುವುದು ಸರಿಯಲ್ಲ.

ಆದರೂ ಸಂಶಯಕ್ಕೆ ಗಟ್ಟಿಯಾದ ಕಾರಣವೊಂದಿದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವುದಕ್ಕೂ ಅವರ ಮದುವೆಯ ಮಾತುಕತೆಗೂ ಇರುವ ಸಂಬಂಧ ನಮಗೆಲ್ಲ ಗೊತ್ತಿರುವುದೇ. ಹದಿಮೂರರ ಹುಡುಗಿ ದಿನವೂ ತರಗತಿಯಲ್ಲಿ ಕಾಣಿಸಿಕೊಳ್ಳುತ್ತಿದ್ದರೆ, ಒಂದು ವಾರ ಬಾರದಿದ್ದಾಗ ಕೇಳುವವರಾದರೂ ಇರುತ್ತಾರೆ. “ಮನೆಯಲ್ಲೇ ಕಲಿಸುತ್ತೇವೆ” ಎಂಬ ಮಾತು ಅವಳನ್ನು ಒಲೆಯ ಮುಂದೆ ಕೂರಿಸಲು, ತಮ್ಮನನ್ನು ಎತ್ತಿಕೊಂಡಿರಲು, ಅಥವಾ ಹುಡುಗನನ್ನು ಗ್ಯಾರೇಜಿಗೆ ಕಳಿಸಲು ನೆಪವಾದರೆ ಅದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು 14 ವರ್ಷದೊಳಗಿನ ಮಗು ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ, ಅಪಾಯವಿಲ್ಲದ ಮನೆಯ ಉದ್ಯೋಗದಲ್ಲಿ ನೆರವಾಗಬಹುದು ಎನ್ನುತ್ತದೆ. ಶಾಲೆಯ ಅವಧಿಯೇ ಇಲ್ಲದ ಮನೆಯಲ್ಲಿ ಈ ಗೆರೆಯನ್ನು ಪಾಲಕರೇ ಎಳೆದುಕೊಳ್ಳಬೇಕಾಗುತ್ತದೆ. ಮಗು ತೂಕ ಬರೆದುಕೊಂಡು ಪ್ರಶ್ನೆ ಕೇಳುವುದು ಕಲಿಕೆ. ಆಳಿನ ಕೂಲಿ ಉಳಿಸಲು ದಿನವಿಡೀ ಗೊನೆ ಕೊಯ್ಯುವುದು ದುಡಿಮೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದವರು, ಅಥವಾ ತಿಳಿದೂ ಮರೆಯುವವರು, ಈ ದಾರಿಗೆ ಬರಬಾರದು.

ಹಾಗಾಗಿಯೇ ನಮಗೆ ವಿನಾಯಿತಿ ಬೇಡ, ನೋಂದಣಿ ಬೇಕು. ಮನೆಯಲ್ಲಿ ಕಲಿಸಲು ಬಯಸುವ ಪಾಲಕರು ವರ್ಷದ ಆರಂಭದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಂದು ಸರಳ ಅರ್ಜಿ ಕೊಟ್ಟು, ಹತ್ತಿರದ ಸರ್ಕಾರಿ ಶಾಲೆಯೊಂದರ ಜೊತೆ ಮಗುವಿನ ಹೆಸರನ್ನು ಜೋಡಿಸುವಂತಾಗಲಿ. ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರು, ವರ್ಷದಲ್ಲಿ ಕೆಲವು ಬಾರಿ ಮನೆಗೆ ಬಂದು ಮಗುವಿನ ಬರವಣಿಗೆ ನೋಡಲಿ, ಓದಿಸಲಿ, ಮುಖ್ಯವಾಗಿ ತಂದೆತಾಯಿಯನ್ನು ಹೊರಗೆ ಕೂರಿಸಿ ಮಗುವಿನೊಂದಿಗೆ ಮಾತನಾಡಲಿ. ಶಾಲೆಗೆ ಹೋಗಬೇಕೆನಿಸುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಲಿ, ಹೌದೆಂದರೆ ಆ ಮಾತಿಗೆ ಬೆಲೆ ಕೊಡಲಿ. ವಯಸ್ಸಿಗೆ ತಕ್ಕ ತರಗತಿಗೆ ನೇರವಾಗಿ ಸೇರುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಈಗಾಗಲೇ ಕೊಟ್ಟಿರುವುದರಿಂದ ಮರಳುವ ಬಾಗಿಲು ತೆರೆದೇ ಇದೆ. ಸಿಆರ್‌ಪಿಗಳಿಗೆ ಈಗಲೇ ಕೆಲಸದ ಹೊರೆ ಹೆಚ್ಚಿದೆ ಎಂಬುದು ನಿಜ, ಆದರೆ ಇಂಥ ಕುಟುಂಬಗಳು ಒಂದು ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟು ಇದ್ದಾವು.

ಮನೆಯಿಂದ ಕೊಡಲಾಗದ್ದೂ ಬಹಳವಿದೆ. ಪ್ರಯೋಗಾಲಯ ನಮ್ಮಲ್ಲಿಲ್ಲ. ಖೋಖೋ ತಂಡ ಕಟ್ಟಲು ಮನೆಯಲ್ಲಿ ಮಕ್ಕಳಿಲ್ಲ. ಬೇರೆ ಜಾತಿ, ಬೇರೆ ಮನೆತನದ ಮಕ್ಕಳೊಂದಿಗೆ ಒಂದೇ ಸಾಲಿನಲ್ಲಿ ಕುಳಿತು ಬಿಸಿಯೂಟ ಉಣ್ಣುವುದನ್ನು ಯಾವ ತಾಯಿಯೂ ಒಬ್ಬಳೇ ಕಲಿಸಲಾರಳು, ನನಗೆ ಅತ್ಯಂತ ಹೆಚ್ಚು ಕಾಡುವ ಕೊರತೆ ಇದೇ. ಶನಿವಾರದ ಆಟ, ವಿಜ್ಞಾನದ ಪ್ರಯೋಗ, ಪ್ರತಿಭಾ ಕಾರಂಜಿ ಇವುಗಳಿಗೆ ನೋಂದಾಯಿತ ಮಕ್ಕಳನ್ನೂ ಶಾಲೆ ಸೇರಿಸಿಕೊಂಡರೆ ಈ ಕೊರತೆ ಒಂದಿಷ್ಟಾದರೂ ನೀಗುತ್ತದೆ.

ಕೊನೆಯದಾಗಿ, ಪರೀಕ್ಷೆಯ ವಿಚಾರ. ಮನೆಯಲ್ಲಿ ಕಲಿತವನಿಗೆ ಮುಂದೆ ಗತಿಯೇನು ಎಂದು ಬಂಧುಗಳು ಗಾಬರಿಯಾಗುವುದು ಮಾಹಿತಿಯ ಕೊರತೆಯಿಂದ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಮೂರು ಹಂತಗಳಿವೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಕನಿಷ್ಠ ಐದು ವಿಷಯಗಳನ್ನು ಐದು ವರ್ಷಗಳ ಅವಧಿಯಲ್ಲಿ, ಒಂದೊಂದಾಗಿ ಬೇಕಾದರೂ, ಪೂರ್ಣಗೊಳಿಸಲು ಅವಕಾಶವಿದೆ. ಮನೆಯಲ್ಲಿ ಕಲಿಯುವವರಿಗಷ್ಟೇ ಅಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣರಾಗಿ ಕೈಚೆಲ್ಲಿ ಕುಳಿತವರಿಗೂ, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳಿಗೂ ಇದು ಉಪಯೋಗಕ್ಕೆ ಬರುವ ವ್ಯವಸ್ಥೆ. ಇದರ ಶುಲ್ಕ, ಅಧ್ಯಯನ ಕೇಂದ್ರ, ಅರ್ಜಿಯ ದಿನಾಂಕಗಳನ್ನು ಪ್ರತಿ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮುಂದೆ ಕನ್ನಡದಲ್ಲಿ ಬರೆದು ಹಾಕುವ ಕೆಲಸವನ್ನಾದರೂ ಇಲಾಖೆಯು ಈ ಜೂನ್ ತಿಂಗಳೊಳಗೆ ಮಾಡಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ
ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ